ಬೀಗದ ಕೈ ಯಾರಲ್ಲಿರಬೇಕು?

ನಮ್ಮ ಅರೆಕೆರೆಯಲ್ಲಿ ಸಾಯಂಕಾಲದ ಹೊತ್ತು ಕೆರೆಯ ಕಡೆಗೆ ನಡೆದಾಡಲು ಹೊರಡುವ ಗೃಹಸ್ಥರ ಮಾತು ಹಿಂದೆಲ್ಲ ಕಾವೇರಿ ನೀರು, ನಿವೃತ್ತಿವೇತನ, ಬನ್ನೇರುಘಟ್ಟ ರಸ್ತೆಯ ವಾಹನಗಳ ದಟ್ಟಣೆ ಇವುಗಳ ಸುತ್ತಲೇ ತಿರುಗುತ್ತಿದ್ದಿತು. ಈಚೀಚೆಗೆ ನೂರು ಹೆಜ್ಜೆ ಹಾಕುವಷ್ಟರಲ್ಲಿ ಅದು ಮಕ್ಕಳ ಕೈಯಲ್ಲಿರುವ ಫೋನಿನ ಕಡೆಗೆ ಹೊರಳದೆ ಇರುವುದಿಲ್ಲ. ಒಬ್ಬರ ಮೊಮ್ಮಗನು ಫೋನು ಕಾಣದೆ ತುತ್ತು ನುಂಗನು. ಮತ್ತೊಬ್ಬರ ಮೊಮ್ಮಗಳು ಪರೀಕ್ಷೆಯ ಹಿಂದಿನ ರಾತ್ರಿ ಹೊದಿಕೆಯೊಳಗೆ ಬೆಳಕು ಮಾಡಿಕೊಂಡು ಏನನ್ನೋ ನೋಡುತ್ತಿದ್ದಳಂತೆ. ಕೇಳಿದವರು ತಲೆದೂಗಿ ಕಡೆಯಲ್ಲಿ ಹೇಳುವ ಔಷಧವು ಒಂದೇ: “ಒಂದು ಆಪ್ ಹಾಕಿಸಿಬಿಡಿ ಸ್ವಾಮಿ, ಎಲ್ಲ ಸರಿಹೋಗುತ್ತದೆ.”

ಈ ಔಷಧವು ನಮ್ಮ ಮನೆಗೆ ಬಂದು ಎರಡು ವರ್ಷಗಳಾದುವು. ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟವರೇ ಹೊರತು ಯಂತ್ರಗಳನ್ನು ಬಲ್ಲವರಲ್ಲ. ಆದರೂ ಮನೆಯಲ್ಲಿ ಹಗಲೆಲ್ಲ ಇರತಕ್ಕವರು ನಾವೇ ಆದುದರಿಂದ, ಅದನ್ನು ಹಾಕಿದವರು ಕಾಣದೆ ಇದ್ದ ಕೆಲವು ಸಂಗತಿಗಳು ನಮ್ಮ ಕಣ್ಣಿಗೆ ಬಿದ್ದಿವೆ. ಅವುಗಳನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಮನೆಯೆಂದರೆ ಇಷ್ಟು. ಕೆಳಗೆ ನಾವು, ನಮ್ಮ ಮನೆಯವರು, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ, ನಾಲ್ಕು ವರ್ಷದ ಮೊಮ್ಮಗಳು. ಮಹಡಿಯ ಮೇಲೆ ನಮ್ಮ ತಮ್ಮ, ಅವನ ಹೆಂಡತಿ, ಅವರ ಹದಿನೈದು ವರ್ಷದ ಮಗಳು. ದುಡಿಯುವ ಮೂವರೂ ಬೆಳಗ್ಗೆ ಎಂಟಕ್ಕೆ ಹೊರಟರೆ ಕತ್ತಲಾದ ಮೇಲೆಯೇ ಮರಳುವವರು. ಮಕ್ಕಳು ನಾಲ್ಕು ಗಂಟೆಗೆ ಬರುತ್ತವೆ. ನಡುವಣ ಈ ಮೂರು ನಾಲ್ಕು ಗಂಟೆಗಳ ಬಯಲಿನಲ್ಲಿಯೇ ಫೋನು ಬೇರೂರಿದುದು. ಹೊರಗೆ ಹೋಗಿ ಆಡೆಂದು ಹೇಳುವುದು ಸುಲಭ. ನಮ್ಮ ಅಡ್ಡರಸ್ತೆಯಲ್ಲಿ ಚೆಂಡು ಒಂದು ಸಲ ಉರುಳುವುದರೊಳಗೆ ಎರಡು ಸ್ಕೂಟರುಗಳು ಹಾದುಹೋಗುತ್ತವೆ.

ಪೇರೆಂಟಲ್ ಕಂಟ್ರೋಲ್ ಎಂದು ಜನರು ಕರೆಯುವ ಈ ಕಾವಲು ಆಪ್‌ಗಳಲ್ಲಿ ನಮ್ಮ ಮಗನು ಹಾಕಿದುದು ಗೂಗಲ್ ಸಂಸ್ಥೆಯವರ ಫ್ಯಾಮಿಲಿ ಲಿಂಕ್. ಅದು ೨೦೧೭ ರಲ್ಲಿ ಹೊರಬಂದಿತು. ಆಪಲ್ ಸಂಸ್ಥೆಯವರು ೨೦೧೮ ರಲ್ಲಿ ತಮ್ಮ ಫೋನುಗಳೊಳಗೆ ಸ್ಕ್ರೀನ್ ಟೈಮ್ ಎಂಬ ಇಂಥದೇ ಏರ್ಪಾಡನ್ನು ಸೇರಿಸಿದರು. ಇದರ ಕೆಲಸ ಹೀಗೆ: ಮಗುವಿನ ಹೆಸರಿನಲ್ಲಿ ಒಂದು ಖಾತೆ, ಅದಕ್ಕೆ ತಂದೆಯ ಅಥವಾ ತಾಯಿಯ ಫೋನಿನೊಡನೆ ಜೋಡಣೆ. ದಿನಕ್ಕೆ ಇಷ್ಟು ಹೊತ್ತು ಎಂದು ಗೊತ್ತುಮಾಡಿದರೆ ಆ ಹೊತ್ತು ಮುಗಿದೊಡನೆ ಮಗುವಿನ ಫೋನು ತಾನೇ ಮುಚ್ಚಿಕೊಳ್ಳುತ್ತದೆ. ರಾತ್ರಿಯ ಇಂತಿಷ್ಟು ಗಂಟೆಯಿಂದ ಬೆಳಗಿನ ಇಂತಿಷ್ಟು ಗಂಟೆಯವರೆಗೆ ತೆರೆಯದಂತೆ ಮಾಡಬಹುದು. ಮಗುವು ಹೊಸ ಆಟವನ್ನು ಇಳಿಸಿಕೊಳ್ಳಬೇಕಾದರೆ ತಂದೆಗೆ ಅರ್ಜಿ ಹೋಗುತ್ತದೆ. ಅವನು ಆಫೀಸಿನಲ್ಲಿ ಕುಳಿತೇ ಅಪ್ಪಣೆ ಕೊಡಬಹುದು, ನಿರಾಕರಿಸಬಹುದು. ಮಗುವಿನ ಫೋನು ಎಲ್ಲಿದೆಯೆಂಬುದೂ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತದೆ.

ಇದನ್ನು ಕಂಡಾಗ ನಮಗೆ ಹಳೆಯದೊಂದು ವಸ್ತುವಿನ ನೆನಪಾಯಿತು. ಟೆಲಿವಿಷನ್ ನಮ್ಮ ಕಡೆಯ ಮನೆಗಳಿಗೆ ಬಂದ ಮೊದಲ ದಿನಗಳಲ್ಲಿ ಅದಕ್ಕೆ ಮರದ ಪೆಟ್ಟಿಗೆಯಿರುತ್ತಿದ್ದಿತು. ಮುಂದುಗಡೆ ಎಳೆದು ಮುಚ್ಚುವ ಬಾಗಿಲು, ಬಾಗಿಲಿಗೆ ಬೀಗ. ೧೯೮೭-೮೮ ರ ಭಾನುವಾರಗಳಲ್ಲಿ ರಾಮಾಯಣವು ಬರುತ್ತಿದ್ದಾಗ ಬೀದಿಯ ಅರ್ಧ ಜನರು ಒಂದೇ ಹಜಾರದಲ್ಲಿ ಕುಳಿತಿರುತ್ತಿದ್ದರು. ಅದು ಮುಗಿದೊಡನೆ ಯಜಮಾನರು ಎದ್ದು ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮಕ್ಕಳು ಗೊಣಗುತ್ತಿದ್ದುವು, ಆದರೆ ಬೀಗವು ಎಲ್ಲರ ಕಣ್ಣಿಗೂ ಕಾಣುವಂಥದು, ಕೈ ಯಾರಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು, ಮತ್ತು ಬೀಗ ಬಿದ್ದ ಮೇಲೆ ಯಜಮಾನರೂ ನೋಡುತ್ತಿರಲಿಲ್ಲ. ಈಗಿನ ಬೀಗವು ಮಗುವಿನ ಫೋನಿಗೆ ಮಾತ್ರ ಬೀಳುತ್ತದೆ, ಬೀಗ ಹಾಕಿದ ತಂದೆಯು ಅದೇ ಸೋಫಾದ ಮೇಲೆ ಕುಳಿತು ತನ್ನ ಫೋನನ್ನು ನೋಡುತ್ತಿರುತ್ತಾನೆ. ಮಗುವು ಇದನ್ನು ನೋಡದೆ ಇರುವುದಿಲ್ಲ.

ಹಾಗೆಂದು ಮಕ್ಕಳ ಕೈಗೆ ಫೋನು ಕೊಟ್ಟವರನ್ನೆಲ್ಲ ದೂರಿ ಫಲವಿಲ್ಲ. ೨೦೨೦ ರಲ್ಲಿ ಶಾಲೆಗಳು ಮುಚ್ಚಿದಾಗ ಫೋನೇ ಹಲಗೆಯಾಯಿತು, ಫೋನೇ ಬಳಪವಾಯಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯ ಸರ್ಕಾರವು ಎಳೆಯ ಮಕ್ಕಳಿಗೆ ಫೋನಿನ ಮೂಲಕ ಪಾಠ ಹೇಳಕೂಡದೆಂದು ಅಪ್ಪಣೆ ಮಾಡಿತು. ಜುಲೈ ೮ ರಂದು ಉಚ್ಚ ನ್ಯಾಯಾಲಯವು ಐದನೆಯ ತರಗತಿಯವರೆಗಿನ ಆ ನಿಷೇಧಕ್ಕೆ ತಡೆಯಾಜ್ಞೆ ಕೊಟ್ಟಿತು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು. ಎಳೆಯ ಕಣ್ಣುಗಳಿಗೆ ತೆರೆಯು ಸಲ್ಲದೆಂಬುದೂ ನಿಜ, ಪಾಠವೇ ನಿಂತುಹೋಗಬಾರದೆಂಬುದೂ ನಿಜ. ನಾವು ಆಗ ಇನ್ನೂ ಕೆಲಸದಲ್ಲಿದ್ದೆವು. ನಲವತ್ತು ಕಪ್ಪು ಚೌಕಗಳ ಮುಂದೆ ಕುಳಿತು ಶಬ್ದರೂಪ ಹೇಳಿಸುತ್ತಿದ್ದೆವು. ತರಗತಿಯಲ್ಲಿ “ರಾಮಃ ರಾಮೌ ರಾಮಾಃ” ಎಂದರೆ ನಲವತ್ತು ಕಂಠಗಳು ಒಂದಾಗಿ ಗೋಡೆಗೆ ಬಡಿದು ಮರಳುತ್ತವೆ. ಫೋನಿನಲ್ಲಿ ಒಬ್ಬನ ರಾಮಃ ನಮಗೆ ತಲುಪುವ ಹೊತ್ತಿಗೆ ಇನ್ನೊಬ್ಬನು ರಾಮಾಃ ಮುಗಿಸಿರುತ್ತಿದ್ದನು. ಕೊನೆಗೆ ಎಲ್ಲರ ಧ್ವನಿಯನ್ನೂ ಮುಚ್ಚಿಸಿ ನಾವೊಬ್ಬರೇ ಹೇಳತೊಡಗಿದೆವು. ಶಾಲೆ ತೆರೆದ ಮೇಲೆ ಮಕ್ಕಳು ಬೆಂಚಿಗೆ ಮರಳಿದುವು, ಫೋನು ಮಾತ್ರ ಮನೆಯಲ್ಲಿ ಅವುಗಳ ಕೈಯಲ್ಲಿಯೇ ಉಳಿಯಿತು. ಇಂದಿಗೂ ಮನೆಗೆಲಸದ ಲೆಕ್ಕವು ಬರುವುದು ಅದರಲ್ಲಿಯೇ.

ತೀರ ಎಳೆಯ ಮಕ್ಕಳ ವಿಷಯದಲ್ಲಿ ನಮಗೆ ಸಂಶಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ ರಲ್ಲಿ ಹೇಳಿದ ಪ್ರಕಾರ ವರ್ಷ ತುಂಬದ ಕೂಸಿಗೆ ತೆರೆಯು ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಮೆಯಾದಷ್ಟೂ ಲೇಸು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ೨೦೨೧ ರ ತನ್ನ ಸೂಚನೆಗಳಲ್ಲಿ ಎರಡು ವರ್ಷದೊಳಗೆ ಬೇಡವೇ ಬೇಡವೆಂದೂ, ಐದರವರೆಗೆ ಒಂದು ಗಂಟೆಯೆಂದೂ, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆಂದೂ ಗೊತ್ತುಮಾಡಿದೆ. ಇಲ್ಲಿ ಆಪ್ ಒಳ್ಳೆಯ ಬೇಲಿ. ನಾಲ್ಕು ವರ್ಷದ ಮಗುವಿನೊಡನೆ ವಾದಮಾಡಿ ಗೆದ್ದವರುಂಟೆ? “ಫೋನಿಗೆ ನಿದ್ದೆ ಬಂತು” ಎಂದು ಅದರ ತಾಯಿ ಹೇಳಿದರೆ ನಮ್ಮ ಮೊಮ್ಮಗಳು ಒಂದು ಕ್ಷಣ ತುಟಿಯುಬ್ಬಿಸಿ, ಅನಂತರ ಪಾತ್ರೆಗಳನ್ನು ಎಳೆದುಕೊಂಡು ಅಡಿಗೆಯಾಟಕ್ಕೆ ಕುಳಿತುಬಿಡುತ್ತಾಳೆ.

ಎಂಟು ವರ್ಷದವನ ವಿಷಯ ಬೇರೆ. ಅವನಿಗೆ ದಿನಕ್ಕೆ ಒಂದು ಗಂಟೆ. ಅದು ಮುಗಿದರೆ ಅಜ್ಜಿಯ ಫೋನು! ಅದಕ್ಕೆ ಹಾಕಿದ ಗೆರೆಯ ಬೀಗವನ್ನು ಅವನು ಅಜ್ಜಿಗಿಂತ ಬೇಗ ಎಳೆಯಬಲ್ಲನು. “ಪಾಪ, ಮಗು, ಐದು ನಿಮಿಷ” ಎಂಬುದು ನಮ್ಮ ಮನೆಯವರ ಮತ. ಎಷ್ಟೋ ಸಾವಿರ ಎಂಜಿನಿಯರುಗಳು ಸೇರಿ ಕಟ್ಟಿದ ಕೋಟೆಗೆ ಇದೊಂದು ಹಿಂಬಾಗಿಲು. ಅವನ ತಂದೆಯ ಫೋನಿನಲ್ಲಿ ಮಾತ್ರ ಆ ವಾರವೆಲ್ಲ ದಿನಕ್ಕೆ ಒಂದೇ ಗಂಟೆಯೆಂಬ ಅಂದವಾದ ಕಂಬಗಳ ಚಿತ್ರವು ಕಾಣುತ್ತಿದ್ದಿತು. ಅಂಕಿಗಳನ್ನು ನೋಡಿ ಮಗನು ನೆಮ್ಮದಿಯಿಂದಿದ್ದನು, ಮೊಮ್ಮಗನೂ ನೆಮ್ಮದಿಯಿಂದಿದ್ದನು.

ಇನ್ನೊಂದು ಭಾನುವಾರ ನಡೆದುದು ಇದಕ್ಕೆ ತಿರುಗುಮುರುಗು. ನಮ್ಮ ಮಗಳು ಜರ್ಮನಿಯಲ್ಲಿದ್ದಾಳೆ. ಮೊಮ್ಮಗನು ತಾನು ಬರೆದ ಗಣಪತಿಯ ಚಿತ್ರವನ್ನು ತನ್ನ ಟ್ಯಾಬಿನ ಮುಂದೆ ಹಿಡಿದು ಅತ್ತೆಗೆ ತೋರಿಸುತ್ತಿದ್ದನು. ಸೊಂಡಿಲಿನವರೆಗೆ ಬಂದಿದ್ದನು, ಹೊತ್ತು ಮುಗಿಯಿತೆಂದು ತೆರೆಯು ಮುಚ್ಚಿಕೊಂಡಿತು. ಅಪ್ಪಣೆ ಕೊಡಬೇಕಾದ ತಂದೆಯು ಬಂಧುಗಳ ಮದುವೆಯಲ್ಲಿ, ಗಟ್ಟಿಮೇಳದ ನಡುವೆ. ಹುಡುಗನು ಚಿತ್ರವನ್ನು ಹಿಡಿದುಕೊಂಡೇ ನಿಂತಿದ್ದನು.

ವ್ಯಾಕರಣ ಓದಿದವರಿಗೆ ಉತ್ಸರ್ಗ, ಅಪವಾದ ಎಂಬ ಎರಡು ಮಾತುಗಳು ಗೊತ್ತು. ಉತ್ಸರ್ಗವೆಂದರೆ ಎಲ್ಲೆಡೆಯೂ ಸಲ್ಲುವ ಸಾಮಾನ್ಯ ವಿಧಿ. ಅಪವಾದವೆಂದರೆ ಗೊತ್ತಾದ ಸ್ಥಳದಲ್ಲಿ ಅದನ್ನು ಬಾಧಿಸುವ ವಿಶೇಷ ವಿಧಿ. ಪಾಣಿನಿಯ ಶಾಸ್ತ್ರವು ನಿಂತಿರುವುದು ಇವೆರಡರ ಹೊಂದಾಣಿಕೆಯ ಮೇಲೆ. ಅಪವಾದವಿಲ್ಲದ ಉತ್ಸರ್ಗದಿಂದ ಭಾಷೆಯೂ ನಡೆಯದು, ಮನೆಯೂ ನಡೆಯದು. ಆಪ್ ಉತ್ಸರ್ಗವನ್ನು ಚೆನ್ನಾಗಿ ಬಲ್ಲುದು. ಅಪವಾದವನ್ನು ಮನೆಯವರು ಯೋಚಿಸಿ ಅದಕ್ಕೆ ಹೇಳಿಕೊಡಬೇಕು. ಮಕ್ಕಳ ವೈದ್ಯರು ಸಹ ಎರಡು ವರ್ಷದೊಳಗಿನ ಕೂಸಿಗೆ ತೆರೆಯನ್ನೇ ಬೇಡವೆಂದರೂ, ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮುಖ ನೋಡಿ ಮಾತನಾಡುವುದಕ್ಕೆ ಅಪವಾದವನ್ನು ಇಟ್ಟೇ ಇದ್ದಾರೆ. ಅತ್ತೆಯ ಕರೆಯು ಬರುವ ಆಪ್ ಅನ್ನು ಹೊತ್ತಿನ ಲೆಕ್ಕದಿಂದ ಹೊರಗಿಡುವ ಸೌಕರ್ಯವೂ ಅದರಲ್ಲಿಯೇ ಇದ್ದಿತು. ನಮ್ಮ ಮಗನು ಆ ರಾತ್ರಿ ಅದನ್ನು ಹುಡುಕಿ ಸರಿಪಡಿಸಿದನು. ಅದರೊಡನೆ ಅಜ್ಜಿಯ ಫೋನಿನ ಗೆರೆಯೂ ಬದಲಾಯಿತು. ಹೊಸ ಗೆರೆಯನ್ನು ಕಲಿಯಲು ನಮ್ಮ ಮನೆಯವರಿಗೆ ನಾಲ್ಕು ದಿನ ಹಿಡಿಯಿತು.

ಇಷ್ಟೇ ಆಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ಮಹಡಿಯ ಮೇಲೆ ನಡೆದುದನ್ನು ಹೇಳಬೇಕು. ಹೇಳಲು ತಮ್ಮನ ಒಪ್ಪಿಗೆಯನ್ನೂ ಅವನ ಮಗಳ ಒಪ್ಪಿಗೆಯನ್ನೂ ಪಡೆದಿದ್ದೇವೆ.

ನಾವು ಮೇಲೆ ಹೇಳಿದ ಆಪ್‌ಗಳು ಹೊತ್ತನ್ನು ಅಳೆಯುತ್ತವೆ, ಬಾಗಿಲನ್ನು ಮುಚ್ಚುತ್ತವೆ. ಮಗುವು ಯಾರಿಗೆ ಏನು ಬರೆಯಿತೆಂಬುದನ್ನು ಫ್ಯಾಮಿಲಿ ಲಿಂಕ್ ತಂದೆಗೆ ತೋರಿಸುವುದಿಲ್ಲ. ಆದರೆ ಇದೇ ಹೆಸರಿನ ನೆರಳಿನಲ್ಲಿ ಬೇರೊಂದು ಜಾತಿಯ ಆಪ್‌ಗಳು ಮಾರಾಟವಾಗುತ್ತವೆ. ಅವು ಮಗುವಿನ ಫೋನಿನೊಳಗೆ ಕಾಣದಂತೆ ಅಡಗಿ ಕುಳಿತು, ಬಂದ ಸಂದೇಶ ಹೋದ ಸಂದೇಶಗಳನ್ನೆಲ್ಲ ತಂದೆಗೆ ಒಪ್ಪಿಸುತ್ತವೆ. ಕಾವಲುಗಾರನೂ ಗೂಢಚಾರನೂ ಒಂದೇ ಅಂಗಡಿಯಲ್ಲಿ ಒಂದೇ ವೇಷದಲ್ಲಿ ನಿಂತಿದ್ದರೆ ಗಾಬರಿಗೊಂಡ ತಂದೆಗೆ ವ್ಯತ್ಯಾಸವು ತೋರದು. ನಮ್ಮ ತಮ್ಮನ ಗಾಬರಿಗೂ ಕಾರಣವಿದ್ದಿತು. ಗುರುತಿಲ್ಲದವರು ಗೆಳೆಯರ ವೇಷದಲ್ಲಿ ಬಂದು ಎಳೆಯರನ್ನು ವಂಚಿಸಿದ ವಾರ್ತೆಗಳನ್ನು ಅವನು ದಿನವೂ ಓದುತ್ತಿದ್ದನು. ಮಗಳ ಅಂಕಗಳು ಇಳಿದಿದ್ದುವು. ಕೇಳಿದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಆದಕಾರಣ ಅವಳಿಗೆ ಹೇಳದೆ ಅಂತಹ ಆಪ್ ಒಂದನ್ನು ಹಾಕಿಸಿದನು.

ಮೂರು ತಿಂಗಳು ಯಾರಿಗೂ ತಿಳಿಯಲಿಲ್ಲ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, ಅಂಕಗಳ ಮಾತು ಬಂದಾಗ ಕೋಪದಲ್ಲಿ ತಮ್ಮನು, “ಆ ಹುಡುಗಿಯ ಮನೆಯ ಜಗಳವನ್ನು ಕಟ್ಟಿಕೊಂಡು ನಿನಗೇನು?” ಎಂದುಬಿಟ್ಟನು. ಅವಳ ಗೆಳತಿಯ ತಂದೆತಾಯಿಗಳು ಬೇರೆಯಾಗುವ ಮಾತು ನಡೆದಿದ್ದಿತು. ಆ ಹುಡುಗಿಯು ಅದನ್ನು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ ಬರೆದು ತಿಳಿಸಿದ್ದಳು. ನಮ್ಮ ಹುಡುಗಿಯು ತಂದೆಯ ಮುಖವನ್ನು ನೋಡಿದಳು, ಪಕ್ಕದಲ್ಲಿದ್ದ ಫೋನನ್ನು ನೋಡಿದಳು, ತಟ್ಟೆಯನ್ನು ಬಿಟ್ಟು ಎದ್ದಳು.

ಹನ್ನೊಂದು ದಿನ ಅವಳು ತಂದೆಯೊಡನೆ ಮಾತನಾಡಲಿಲ್ಲ. ಜಗಳವಿಲ್ಲ, ಅಳುವಿಲ್ಲ, ಕೇಳಿದುದಕ್ಕೆ “ಹೂಂ” ಎನ್ನುವಳು. ಟ್ಯೂಷನ್ನಿಗೆ ಹೋಗುವಾಗ ಫೋನನ್ನು ಅಲ್ಲಿಯ ಸ್ನೇಹಿತೆಯ ಚೀಲದಲ್ಲಿ ಬಿಟ್ಟು ತಾನು ಬೇರೆಡೆ ಹೋಗತೊಡಗಿದಳು. ತಂದೆಯ ನಕ್ಷೆಯಲ್ಲಿ ಚುಕ್ಕೆಯು ಇರಬೇಕಾದಲ್ಲಿಯೇ ಇದ್ದಿತು. ಬೇರೆಡೆಯೆಂದರೆ ಎಲ್ಲಿಗೆ? ಒಂದು ದಿನ ಸಾಯಂಕಾಲ ಕೆರೆಯ ಬಳಿಯ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದುದನ್ನು ನಾವೇ ಕಂಡೆವು. ನಾವೂ ಕುಳಿತೆವು. ಬಹಳ ಹೊತ್ತಿನ ಮೇಲೆ ಹೇಳಿದಳು: “ದೊಡ್ಡಪ್ಪ, ಅಪ್ಪ ಫೋನನ್ನೇ ಕಿತ್ತುಕೊಂಡಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಅದು ಅವಳ ವಿಷಯ. ಅವಳು ನನಗೆ ಮಾತ್ರ ಹೇಳಿದ್ದಳು. ಈಗ ನಾನು ಅವಳಿಗೆ ಏನೆಂದು ಹೇಳಲಿ?”

ಅಕ್ಕಪಕ್ಕದ ಮನೆಗೆ ಬಂದ ಕಾಗದವು ತಪ್ಪಿ ನಮ್ಮ ಕೈಗೆ ಬಂದರೆ ಒಡೆಯದೆ ತಲುಪಿಸುವುದು ನಮ್ಮ ಹಿರಿಯರ ಕಾಲದಿಂದ ಬಂದ ಮರ್ಯಾದೆ. ಮಗಳ ಸಂದೇಶಗಳನ್ನು ಓದುವ ತಂದೆಯು ಮಗಳನ್ನು ಮಾತ್ರ ಓದುತ್ತಿರುವುದಿಲ್ಲ. ಅವಳಿಗೆ ಬರೆದ ಪ್ರತಿಯೊಬ್ಬ ಮಗುವಿನ ಮನೆಯೊಳಕ್ಕೂ ಇಣುಕುತ್ತಿರುತ್ತಾನೆ. ಅಷ್ಟೇ ಅಲ್ಲ, ಅವನು ಓದುವ ಮೊದಲೇ ಅವೆಲ್ಲ ಆ ಆಪ್ ಮಾರಿದವರ ಭಂಡಾರದಲ್ಲಿ ಶೇಖರವಾಗಿರುತ್ತವೆ. ಅಂತಹ ಭಂಡಾರಗಳಿಂದ ವಿವರಗಳು ಸೋರಿಹೋದ ಸಂಗತಿಗಳು ಹೊರದೇಶಗಳಿಂದ ಒಂದೆರಡು ಬಾರಿಯಲ್ಲ, ಪದೇ ಪದೇ ವರದಿಯಾಗಿವೆ. ೨೦೨೩ ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷದೊಳಗಿನವರ ವಿವರಗಳನ್ನು ಕಂಪೆನಿಗಳು ಬಳಸಬೇಕಾದರೆ ತಂದೆತಾಯಿಗಳ ಸಮ್ಮತಿ ಬೇಕೆನ್ನುತ್ತದೆ, ಮಕ್ಕಳ ಬೆನ್ನುಹತ್ತಿ ನಡೆನುಡಿಗಳನ್ನು ಗಮನಿಸಕೂಡದೆಂದೂ ಸಾಮಾನ್ಯವಾಗಿ ವಿಧಿಸುತ್ತದೆ. ಕಂಪೆನಿಗೆ ಸಲ್ಲದೆಂದು ಶಾಸನವು ಹೇಳಿದ ಕೆಲಸವನ್ನು ತಂದೆಯು ದುಡ್ಡು ಕೊಟ್ಟು ಮಾಡಿಸುವುದು ವಿಚಿತ್ರವಲ್ಲವೆ?

ತಮ್ಮನು ಕೇಳಿದನು: “ಅಣ್ಣಾ, ನೀವು ಹೇಳುವುದು ಸರಿ. ಆದರೆ ಏನಾದರೂ ಹೆಚ್ಚುಕಡಮೆಯಾದರೆ? ಕಣ್ಣು ಮುಚ್ಚಿಕೊಂಡು ಕೂರಲೆ?” ಈ ಪ್ರಶ್ನೆಗೆ ಬಾಯಿಮಾತಿನ ಸಮಾಧಾನವು ಸಾಲದು.

ಐದು ವರ್ಷ ಮುದ್ದಿಸಬೇಕು, ಮುಂದಿನ ಹತ್ತು ವರ್ಷ ದಂಡಿಸಬೇಕು, ಹದಿನಾರು ಬಂದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಅರ್ಥದ ಸುಭಾಷಿತವೊಂದು ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿದೆ. ದಂಡನೆಯ ಮಾತನ್ನು ನಾವು ಒಪ್ಪೆವು. ಮಗನೆಂದಲ್ಲಿ ಮಗಳೂ ಸೇರಿದಳೆಂದು ತಿಳಿಯೋಣ. ವಯಸ್ಸಿಗೆ ತಕ್ಕಂತೆ ನಡತೆಯು ಬದಲಾಗಬೇಕೆಂಬುದು ಅದರ ಸಾರ. ಇಂದಿನವರು ಹಾಕಿದ ಗೆರೆಗಳೂ ಇದಕ್ಕೆ ದೂರವಿಲ್ಲ. ಫ್ಯಾಮಿಲಿ ಲಿಂಕ್ ಮೊದಲು ಹೊರಟಾಗ ಹದಿಮೂರು ವರ್ಷದೊಳಗಿನವರಿಗೆಂದೇ ಏರ್ಪಟ್ಟಿದ್ದಿತು; ಆಸ್ಟ್ರೇಲಿಯ ದೇಶದವರು ೨೦೨೫ ರ ಡಿಸೆಂಬರ್ ೧೦ ರಿಂದ ಹದಿನಾರು ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆಗಳು ಕೂಡದೆಂದು ಶಾಸನ ತಂದರು. ಆದರೆ ಸುಭಾಷಿತದಲ್ಲಿ ನಮಗೆ ಎಂದಿಗೂ ಬಗೆಹರಿಯದ ಒಂದು ಸಂದೇಹವಿದೆ. ಹದಿನೈದರ ಕೊನೆಯ ರಾತ್ರಿಯವರೆಗೆ ದಂಡ ಹಿಡಿದು ನಿಂತವನು ಮಾರನೆಯ ಬೆಳಗ್ಗೆ ಮಿತ್ರನಾಗುವುದು ಹೇಗೆ? ಮಗುವಾದರೂ ಅವನನ್ನು ಮಿತ್ರನೆಂದು ನಂಬುವುದು ಹೇಗೆ? ಹತ್ತನೆಯ ವರ್ಷದಿಂದಲೇ ಬೀಗದ ಕೈಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿನ ಕೈಗೆ ದಾಟಿಸುತ್ತ ಬರಬೇಕಾಗಿದೆ: ಮೊದಲು ಹೊತ್ತನ್ನು ತಾನೇ ಹಂಚಿಕೊಳ್ಳುವ ಸ್ವಾತಂತ್ರ್ಯ, ಆಮೇಲೆ ಆಟಗಳನ್ನು ಆರಿಸುವ ಸ್ವಾತಂತ್ರ್ಯ. ಕೊಟ್ಟುದನ್ನು ಮಗುವು ಕೆಡಿಸಿಕೊಂಡರೆ, ಏಕೆಂದು ಹೇಳಿ ಒಂದು ವಾರಕ್ಕೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಯಾವ ಆಪ್ ಇದೆ, ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದು ಮಗುವಿಗೆ ಮೊದಲ ದಿನದಿಂದಲೇ ತಿಳಿದಿರತಕ್ಕದ್ದು. ಇದಿಷ್ಟನ್ನು ಮಾಡಿದವರಿಗೂ ಅನರ್ಥವೇ ಆಗದೆಂದು ನಾವು ಹೇಳಲಾರೆವು. ಅನರ್ಥವಾದ ದಿನ ಮಗುವು ಮೊದಲು ಯಾರ ಬಳಿಗೆ ಓಡಿಬರುವುದೆಂಬುದು ಮಾತ್ರ ಇದರಿಂದ ನಿರ್ಧಾರವಾಗುತ್ತದೆ.

ಕೆಲವು ಮಕ್ಕಳ ವಿಷಯದಲ್ಲಿ ಮನೆಯವರ ಕೈಮೀರಿರುವುದೂ ಉಂಟು. ಊಟ, ನಿದ್ರೆ, ಶಾಲೆ ಎಲ್ಲವನ್ನೂ ಬಿಟ್ಟು ಆಟದಲ್ಲಿ ಮುಳುಗುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಯೇ ಸೇರಿಸಿದ್ದಾರೆ. ಆ ಪಟ್ಟಿಯು ೨೦೨೨ ರಿಂದ ಜಾರಿಗೆ ಬಂದಿದೆ. ಅಂಥವರಿಗೆ ಬೀಗವೂ ಬುದ್ಧಿಮಾತೂ ನಾಟವು. ನಮ್ಮ ಭಾಗದವರ ಪುಣ್ಯ, ಇಂತಹ ತೊಂದರೆಗೆಂದೇ ನಿಮ್ಹಾನ್ಸ್ ಸಂಸ್ಥೆಯವರು ೨೦೧೪ ರಲ್ಲಿ ಷಟ್ ಕ್ಲಿನಿಕ್ ಎಂಬ ಚಿಕಿತ್ಸಾಲಯವನ್ನು ಆರಂಭಿಸಿದುದು ಇಲ್ಲಿಗೆ ಹತ್ತಿರದ ಬಿ.ಟಿ.ಎಂ. ಬಡಾವಣೆಯಲ್ಲಿ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.

ಮಹಡಿಯ ಮನೆಯಲ್ಲಿ ಹನ್ನೆರಡನೆಯ ದಿನ ತಂದೆ ಮಗಳು ಎದುರುಬದುರು ಕುಳಿತರು. ತಾಯಿಯು ನಡುವೆ, ನಾವು ಕೇವಲ ಸಾಕ್ಷಿ. ತಮ್ಮನು ಮಗಳ ಕಣ್ಣೆದುರಿಗೇ ಆ ಗೂಢ ಆಪ್ ಅನ್ನು ತೆಗೆದನು. ಅವಳ ಗೆಳತಿಗೆ ನಡೆದುದನ್ನು ಅವಳೇ ಹೇಳುವುದೆಂದಾಯಿತು, ಹೇಳಿದಳು, ಆ ಹುಡುಗಿಯು ಒಂದು ತಿಂಗಳು ಮುನಿಸಿಕೊಂಡಿದ್ದಳು. ರಾತ್ರಿ ಒಂಬತ್ತೂವರೆಗೆ ಮೂವರ ಫೋನುಗಳೂ ಹಜಾರದ ಗೂಡಿನಲ್ಲಿರಬೇಕೆಂದು ಗೊತ್ತಾಯಿತು. ಆಫೀಸಿನ ಕರೆ ಬಂದರೆಂದು ತಮ್ಮನು ಅಪವಾದ ಕೇಳಿದನು. ವಾರಕ್ಕೆ ಎರಡೆಂದು ಮಗಳು ಅಪ್ಪಣೆ ಕೊಟ್ಟಳು. ಉಳಿದುದು ನಕ್ಷೆಯ ಚುಕ್ಕೆ. ಕತ್ತಲಾದ ಮೇಲೆ ಮಗಳು ಎಲ್ಲಿದ್ದಾಳೆಂದು ತಿಳಿಯದೆ ತನಗೆ ಮನಸ್ಸು ನಿಲ್ಲದೆಂದು ತಾಯಿಯು ಹೇಳಿದಳು. ಹುಡುಗಿಯು ಸ್ವಲ್ಪ ಯೋಚಿಸಿ, “ಆಗಲಿ ಅಮ್ಮ, ನನ್ನದು ನಿಮಗೆ ಕಾಣಲಿ. ಅಪ್ಪನದೂ ನನಗೆ ಕಾಣಬೇಕು” ಎಂದಳು.

ಈಗ ಸಂಜೆ ಏಳರ ಮೇಲೆ ಅವಳು ಪುಸ್ತಕದ ಪಕ್ಕದಲ್ಲಿ ಫೋನಿಟ್ಟುಕೊಂಡು ಆಗಾಗ ನೋಡುತ್ತಿರುತ್ತಾಳೆ. ಮಾರತಹಳ್ಳಿಯ ಕಡೆಯಿಂದ ಹೊರಟ ತಂದೆಯ ಚುಕ್ಕೆಯು ಸಿಲ್ಕ್ ಬೋರ್ಡಿನ ಬಳಿ ಬಂದು ನಿಂತುಬಿಡುತ್ತದೆ. ಕೆಲವು ದಿನ ಅರ್ಧ ಗಂಟೆಯಾದರೂ ಕದಲುವುದಿಲ್ಲ. ಅದು ಅಲ್ಲಿಂದ ಬಿಡಿಸಿಕೊಂಡು ಬನ್ನೇರುಘಟ್ಟ ರಸ್ತೆಗೆ ತಿರುಗಿತೆಂದರೆ, “ಅಮ್ಮಾ, ಅಕ್ಕಿ ತೊಳೆ” ಎಂದು ಕೂಗುವುದು ಕೆಳಗಿನ ಮನೆಯಲ್ಲಿ ನಮಗೂ ಕೇಳಿಸುತ್ತದೆ.